ಉಂಡು ಬಾ ಎಂಬ ಮಾತು

ನಮ್ಮ ಅಣ್ಣನ ಕುತ್ತಿಗೆ ಎಡಕ್ಕೆ ವಾಲಿತ್ತು. ಹುಟ್ಟಿನಿಂದ ಬಂದದ್ದಲ್ಲ. ಫೋನಿನ ರಿಸೀವರನ್ನು ಎಡಗಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಮಾತಾಡುವ ರೂಢಿ ಅವನಿಗೆ ಸಿಂಧನೂರಿನ ದಲಾಲಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದಾಗ ಹತ್ತಿತ್ತು. ಒಂದು ಕೈಯಲ್ಲಿ ಭತ್ತದ ಮಾದರಿ, ಇನ್ನೊಂದು ಕೈಯಲ್ಲಿ ಪೆನ್ನು. ಫೋನು ಹಿಡಿಯಲು ಹೆಗಲೇ ಗತಿ. ಆ ಎಡಗಿವಿ ಬಲಗಿವಿಗಿಂತ ಕೆಂಪಗೆ, ಒಂದಿಷ್ಟು ಚಪ್ಪಟೆಯಾಗಿ ಕಾಣುತ್ತಿತ್ತು. ಫೋನಿಲ್ಲದಾಗಲೂ ಕುತ್ತಿಗೆ ನೆಟ್ಟಗಾಗುತ್ತಿರಲಿಲ್ಲ. ಎದುರಿಗೆ ನಿಂತವರು ಮಾತಾಡಿದರೂ ಎಲ್ಲೋ ದೂರದ ಮಾತು ಕೇಳುವವನ ಹಾಗೆ ಎಡಕ್ಕೆ ಬಾಗಿ ಕೇಳುತ್ತಿದ್ದ. ನಮ್ಮೂರು ತುರ್ವಿಹಾಳದ ಮಂದಿ ಅವನನ್ನು ಸೊಟ್ಟಗೋಣಿನವ ಎಂದು ಕರೆಯುತ್ತಿದ್ದರು. ಅವನಿಗೆ ಅದರ ಬೇಜಾರಿರಲಿಲ್ಲ.

"ನೆಟ್ಟಗಿದ್ದವ್ರು ಯಾರ ಮಾತು ಕೇಳ್ಯಾರಲೇ?" ಅನ್ನುತ್ತಿದ್ದ.

ನಾನು ಅವನ ತಂಗಿ. ಅಪ್ಪ ಅವ್ವ ಬೇಗ ಹೋದ ಮೇಲೆ ನನಗೆ ಅವನು, ಅವನಿಗೆ ನಾನು. ಸಾಲಿಯನ್ನು ನಾನು ನಾಲ್ಕನೇ ಇಯತ್ತೆಗೇ ಬಿಟ್ಟೆ. ಓದಿ ಬರೆಯುವುದು ಕೈಗೆ ಹತ್ತಿದ್ದು ಮುಂದೆ ಅಣ್ಣ ಹಾಕಿದ ಫೋನಿನ ಅಂಗಡಿಯಲ್ಲಿ ಕೂತು ದಿನವೂ ಪೇಪರ್ ತಿರುವಿ ಹಾಕಿದ್ದರಿಂದ. ಗಂಡನ ಮನೆ ನನಗೆ ಆಗಿಬರಲಿಲ್ಲ. ಬಿಟ್ಟು ಬಂದವಳನ್ನು ಅಣ್ಣ ಯಾಕೆ ಬಂದಿ ಎಂದು ಕೇಳಲಿಲ್ಲ. ಕೈಯಲ್ಲಿದ್ದ ಗಂಟು ಇಸಿದುಕೊಂಡು ಒಳಗೆ ಇಟ್ಟ, ಅಷ್ಟೆ.

ಅವನು ಫೋನಿನ ಹುಚ್ಚು ಹಚ್ಚಿಕೊಂಡದ್ದಕ್ಕೆ ಕಾರಣ ಇತ್ತು. ಎಂಬತ್ತರ ದಶಕದ ಮಾತು. ಅವನ ಹೆಂಡತಿ, ನನ್ನ ಅತ್ತಿಗೆ, ಮೊದಲ ಹೆರಿಗೆಯಲ್ಲಿ ಇಲ್ಲೇ ಊರಲ್ಲಿ ತೀರಿಕೊಂಡಳು. ಅವತ್ತು ಅಣ್ಣ ಸಿಂಧನೂರಿನಲ್ಲಿ ಅಂಗಡಿಯ ಗಾದಿಯ ಮೇಲೆ ಕೂತಿದ್ದ. ಪಕ್ಕದಲ್ಲೇ ಕರಿ ಫೋನು ಇತ್ತು. ಟ್ರಂಕ್ ಕಾಲ್ ಬುಕ್ ಮಾಡಿ ಹೈದರಾಬಾದಿನವರ ಜೊತೆ ಅಕ್ಕಿಯ ಧಾರಣೆ ಮಾತಾಡುತ್ತಿದ್ದ. ಆದರೆ ತುರ್ವಿಹಾಳದಿಂದ ಅವನಿಗೆ ಸುದ್ದಿ ಮುಟ್ಟಿಸಲು ಊರಲ್ಲಿ ಫೋನೇ ಇರಲಿಲ್ಲ. ಮರುದಿನದ ಬಸ್ಸಿಗೆ ಹೋದ ಒಬ್ಬರು ಹೇಳಿದರು. ಅವನು ಬರುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಅದರ ಬಗ್ಗೆ ಅವನು ಹೆಚ್ಚು ಮಾತಾಡಿದ್ದು ನಾನು ಕೇಳಿಲ್ಲ. "ಬಸ್ಸಿನ ಮ್ಯಾಲೆ ಬಂದ ಸುದ್ದಿ ಹಳಸಿರತೈತಿ" ಎಂದು ಮಾತ್ರ ಆಗಾಗ ಅನ್ನುತ್ತಿದ್ದ. ಮತ್ತೆ ಮದುವೆಯಾಗಲಿಲ್ಲ.

ಕೆಲವು ವರ್ಷಕ್ಕೆ ಸರ್ಕಾರದವರು ಹಳ್ಳಿಹಳ್ಳಿಗೂ ಫೋನು ಕೊಡುತ್ತಾರೆ ಎಂಬ ಸುದ್ದಿ ಬಂತು. ಕಾಲುವೆಯ ದಂಡೆ ಹಿಡಿದು ಕಂಬ ನೆಟ್ಟರು, ತಂತಿ ಎಳೆದರು. ಊರಿನ ಮೊದಲ ಫೋನು ದೊಡ್ಡವರೊಬ್ಬರ ಪಡಸಾಲೆಗೆ ಬಂತು. ಎಲ್ಲರದೂ ಅಂತ ಬಂದದ್ದು. ಆದರೆ ಅದಕ್ಕೆ ಕಟ್ಟಿಗೆಯ ಪೆಟ್ಟಿಗೆ, ಪೆಟ್ಟಿಗೆಗೆ ಕೀಲಿ. ಭತ್ತದ ನಾಟಿಗೆ ಹೋಗುವ ಆಳುಮಕ್ಕಳು ಕೆಸರುಗಾಲಲ್ಲಿ ಆ ಪಡಸಾಲೆ ಹತ್ತುವ ಮಾತೇ ಇರಲಿಲ್ಲ. ಅಣ್ಣ ಅದನ್ನು ನೋಡಿಕೊಂಡು ಬಂದ ದಿನ ನನಗೆ ಹೇಳಿದ: "ತಂತಿ ಬಂದ್ರ ಸಾಲಂಗಿಲ್ಲವ್ವಾ, ಮಂದಿ ಬರಬೇಕು. ಚಪ್ಪಲಿ ಹಾಕ್ಕೊಂಡು ಒಳಗ ಬರೋವಂಥ ಫೋನ್ ಬೇಕು."

ತೊಂಬತ್ತರ ದಶಕದ ಶುರುವಿನಲ್ಲಿ ಅವನು ದಲಾಲಿ ಅಂಗಡಿ ಬಿಟ್ಟು ಬಂದು ಬಸ್ ಸ್ಟ್ಯಾಂಡಿನ ಎದುರು ಎಸ್‌ಟಿಡಿ ಬೂತು ಹಾಕಿದ. ಹಳದಿ ಬೋರ್ಡು, ಗಾಜಿನ ಗೂಡು, ಒಳಗೊಂದು ಸ್ಟೂಲು, ಕೆಂಪು ಅಂಕಿ ಓಡುವ ಮೀಟರು. ಗೂಡಿನ ಹೊರಗೆ ಅವನ ಮೇಜು, ಅದರ ಮೇಲೂ ಒಂದು ಫೋನು.

ಕಾಲುವೆಯ ನೀರಿಗೆಂದು ಬಂದು ಕ್ಯಾಂಪು ಕಟ್ಟಿಕೊಂಡು ನೆಲೆಸಿದ್ದ ತೆಲುಗು ರೈತರು ಮೊದಲ ದಿನದಿಂದಲೇ ಬಂದರು. ಅವರಿಗೆ ಆಂಧ್ರದ ಕಡೆ ಬೀಗರು ನೆಂಟರು, ಭತ್ತದ ವ್ಯಾಪಾರ. ನಮ್ಮ ಮಂದಿ ಬರಲಿಲ್ಲ. ಅವರ ಮಕ್ಕಳು, ಗಂಡಂದಿರು ಪುಣೆ, ಗೋವಾ ಅಂತ ಕಟ್ಟಡದ ಕೆಲಸಕ್ಕೆ ಹೋಗಿದ್ದರು, ಆದರೂ ಬರಲಿಲ್ಲ. ಬಂದವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈಮುಗಿದು ಒಳಗೆ ಹೋಗುತ್ತಿದ್ದರು. ಅಣ್ಣ ಚಪ್ಪಲಿ ಎತ್ತಿ ಅವರ ಕಾಲ ಬುಡಕ್ಕೆ ಇಡುತ್ತಿದ್ದ. "ಇದು ಗುಡಿಯಲ್ಲೋ ಮಾರಾಯ, ಹಾಕ್ಕೋ."

ಅವನು ಮಂದಿಗೆ ಫೋನು ಕಲಿಸಿದ ರೀತಿಯನ್ನು ಹೇಳಬೇಕು. ಕೆಟ್ಟುಹೋದ ಒಂದು ಹಳೆ ಫೋನನ್ನು ಎಲ್ಲಿಂದಲೋ ತಂದು ಗೋಡೆಗೆ ತೂಗುಹಾಕಿದ್ದ. ಅದಕ್ಕೆ ತಂತಿಯೇ ಇರಲಿಲ್ಲ. ಮೊದಲ ಸಲ ಬಂದವರು ಅದರಲ್ಲಿ ಮಾತಾಡಬೇಕು, ಅಣ್ಣ ಮೂಲೆಯಲ್ಲಿ ನಿಂತು ಆ ಕಡೆಯವನಾಗಿ ಉತ್ತರ ಕೊಡುತ್ತಿದ್ದ. ಕೆಲವೊಮ್ಮೆ ಅತ್ತೆಯಾಗುತ್ತಿದ್ದ, ಕೆಲವೊಮ್ಮೆ ಪುಣೆಯ ಮೇಸ್ತ್ರಿ. ಸಂತೆಯ ದಿನ ಇದನ್ನು ನೋಡಲೆಂದೇ ಜನ ಸೇರುತ್ತಿದ್ದರು. ಒಬ್ಬ ಮುದುಕ ಪ್ರತಿ ಮಾತಿಗೂ ಸುಮ್ಮನೆ ತಲೆಯಾಡಿಸುತ್ತಿದ್ದ.

"ಯಪ್ಪಾ, ತಲಿ ಅಲ್ಲಾಡಿಸಿದ್ರ ಅಲ್ಲಿ ಕಾಣಂಗಿಲ್ಲೋ! ಬಾಯಿ ಬಿಡು."

"ಬಾಯಿ ಬಿಟ್ರ ಹಲ್ಲಿಲ್ಲ ಅಂತ ನಗ್ತಾರ ಬಿಡೋ."

"ಅದೂ ಕಾಣಂಗಿಲ್ಲ. ನಿನಗ ಅದು ಚಲೋನ ಆತು, ಮಾತಾಡು."

ಹೆಣ್ಣುಮಕ್ಕಳು ಮಾವನ ದನಿ ಕೇಳಿದ ಕೂಡಲೇ ಸ್ಟೂಲಿನಿಂದ ಎದ್ದು ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದರು. ಗಂಡಸರು ಪುಣೆ ದೂರ ಎಂದು ಊರೆಲ್ಲ ಕೇಳುವ ಹಾಗೆ ಒದರುತ್ತಿದ್ದರು. "ಕೂಗಬ್ಯಾಡ್ರೋ, ನೀವು ಹಿಂಗ ಕೂಗಿದ್ರ ಫೋನ್ ಯಾಕ ಬೇಕು, ಪುಣಾಕ್ಕ ಹಂಗ ಕೇಳತೈತಿ" ಎಂದು ಅಣ್ಣ ಗಾಜು ಬಡಿಯುತ್ತಿದ್ದ.

ಹೀಗೆ ಅಂಜಿಕೆ ಸ್ವಲ್ಪ ಬಿಟ್ಟಿತು. ಮಂದಿ ತಾವಾಗಿ ಬಂದು ಫೋನು ಮಾಡತೊಡಗಿದರು. ಆದರೆ ಫೋನು ಬಂದರೆ? ಅದೇ ಕಷ್ಟವಾಯಿತು.

ಆಗ ಹೊರಗಿನಿಂದ ಫೋನು ಮಾಡಿದವರು ಇಂಥವರನ್ನು ಕರೆಸಿರಿ, ಅರ್ಧ ತಾಸು ಬಿಟ್ಟು ಮತ್ತೆ ಮಾಡುತ್ತೇವೆ ಅನ್ನುತ್ತಿದ್ದರು. ಮನೆಗೆ ಹೋಗಿ ಕರೆದುಕೊಂಡು ಬರುವ ಕೆಲಸ ನನ್ನದು. ಹೆಣ್ಣುಮಗಳಾದ್ದರಿಂದ ಅಡುಗೆಮನೆಯ ತನಕ ಹೋಗಲು ಅಡ್ಡಿಯಿರಲಿಲ್ಲ. ಊರ ಅಗಸಿಬಾಗಿಲ ಹತ್ತಿರದ ಮನೆಯ ಸೊಸೆಯೊಬ್ಬಳ ಗಂಡ ಪುಣೆಯಲ್ಲಿದ್ದ. ಒಂದು ದಿನ ಅವನ ಫೋನು ಬಂತು. ನಾನು ಹೋದಾಗ ಆಕೆ ಸೆಗಣಿಯ ಕುಳ್ಳು ತಟ್ಟುತ್ತಿದ್ದಳು.

"ಯಕ್ಕಾ, ಪುಣಾದಿಂದ ಫೋನ್ ಬಂದೈತಿ" ಅಂದೆ.

ಊರಿಗೆ ಮೊದಲೆಲ್ಲ ಟೆಲಿಗ್ರಾಂ ತಂತಿ ಬಂದರೆ ಸಾವಿನ ಸುದ್ದಿಯೇ. ಫೋನೂ ತಂತಿಯೇ ಅಲ್ಲವೆ. "ಯವ್ವಾ, ನನ್ನ ಗಂಡನ್ನ ತಿಂತಲ್ಲೇ ಆ ಪುಣಾ!" ಎಂದು ಆಕೆ ಎರಡೂ ಕೈಯನ್ನು ಗೋಡೆಗೆ ಅಪ್ಪಳಿಸಿದಳು. ಬಳೆಗಳು ಚೂರಾದವು. ಅಳುತ್ತ, ಎದೆ ಬಡಿದುಕೊಳ್ಳುತ್ತ ಬೂತಿನ ಕಡೆ ಓಡಿದಳು. ಓಣಿಗೆ ಓಣಿಯೇ ಹಿಂದೆ ಬಂತು. ಅಣ್ಣ ಗಾಬರಿಯಾಗಿ ರಿಸೀವರು ಆಕೆಯ ಕಿವಿಗೆ ಇಟ್ಟ. ಆ ಕಡೆಯಿಂದ ಗಂಡ ಕೇಳುತ್ತಿದ್ದ: "ಏನಲೇ, ಎಮ್ಮಿ ಈದೈತೇನು?"

ಆಕೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಮಂದಿ ನಕ್ಕರು. ಆಕೆಯ ಅತ್ತೆ ನಗಲಿಲ್ಲ. ಅಣ್ಣನ ಮೇಜಿನ ಎದುರು ಬಂದು ನಿಂತು, "ನನ್ನ ಮಗ ಗುಂಡುಕಲ್ಲಿನಂಗ ಇರಬೇಕಾದ್ರ ಸೊಸಿ ಕೈ ಬೋಳು ಮಾಡಿಸಿದ್ಯಲ್ಲೋ, ನಿನ್ನ ಫೋನಿಗೆ ಬೆಂಕಿ ಹತ್ತಲಿ" ಅಂದಳು. ಅಣ್ಣ ಬೂತಿಗೆ ಕೀಲಿ ಹಾಕಿ, ಬಳೆಗಾರ್ತಿಯನ್ನು ಕರೆದುಕೊಂಡು ಅವರ ಮನೆಗೆ ಹೋಗಿ, ಸೊಸೆಗೂ ಅತ್ತೆಗೂ ಹಸಿರು ಬಳೆ ಇಡಿಸಿ ಬಂದ.

ಅವತ್ತು ಊಟಕ್ಕೆ ಕೂತಾಗ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿನಲ್ಲಿ ಇಟ್ಟ. ಆಮೇಲೆ ನನ್ನನ್ನು ಕೇಳಿದ: "ಸತ್ತ ಸುದ್ದಿ ತಂದವ್ರು ಉಣ್ಣು ಅಂತಾರೇನವ್ವಾ?"

"ಹೆಂಗ ಅಂತಾರ? ಸತ್ತ ಮನ್ಯಾಗ ಒಲಿನ ಹಚ್ಚಂಗಿಲ್ಲ."

"ಹಂಗಾರ ಮುಗೀತು. ನಾಳಿಂದ ಹೋದ ಕೂಡ್ಲೆ ಮೊದಲ ಮಾತು 'ಉಂಡು ಬಾ' ಅನ್ನು. ಫೋನ್ ಅನ್ನೋದು ಆಮ್ಯಾಲೆ."

ಅಷ್ಟೇ. "ಉಂಡು ಬಾ, ಫೋನ್ ಬಂದೈತಿ" ಅಂದರೆ ಹೆದರುವಂಥದ್ದೇನಿಲ್ಲ. ಕೆಟ್ಟ ಸುದ್ದಿಯಿದ್ದರೆ "ನಡಿ" ಅನ್ನುವುದು, ಜೊತೆಯಲ್ಲೇ ಕರೆದುಕೊಂಡು ಬರುವುದು. ಊರಿಗೆ ಇದು ಯಾರೂ ಕಲಿಸದೆ ತಿಳಿಯಿತು. ಉಂಡು ಬಾ ಅಂದರೆ ಯಾರೂ ಉಣ್ಣುತ್ತ ಕೂಡುತ್ತಿರಲಿಲ್ಲ. ನಗುತ್ತ ಎದ್ದು ಬರುತ್ತಿದ್ದರು, ಪುರಸೊತ್ತಿದ್ದರೆ ನಿಜವಾಗಿಯೂ ಉಂಡು ಬರುತ್ತಿದ್ದರು. ಫೋನಿಗೆ ಅಳುತ್ತ ಬರುವುದು ನಿಂತಿತು. ಜವಳಗೇರಾ, ದಢೇಸುಗೂರಿನ ನೆಂಟರೂ ನಮ್ಮ ಬೂತಿನ ನಂಬರು ಬರೆಸಿಕೊಂಡು ಹೋದರು. ಅಣ್ಣ ಕಟ್ಟಿದ್ದು ಬೂತಲ್ಲ, ಆ ಒಂದು ಮಾತಿನ ಮೇಲಿನ ನಂಬಿಕೆ. ಅದು ಅವನಿಗೂ ಗೊತ್ತಿತ್ತು. "ಈ ಮಾತು ಒಮ್ಮಿ ಸುಳ್ಳಾದ್ರ ನಾ ಬಾಗಲಾ ಹಾಕಬೇಕು ನೋಡು" ಎಂದು ನನಗೆ ಹೇಳಿದ್ದ.

ನಮ್ಮ ಊರಲ್ಲಿ ಸೊಸೆಯಂದಿರನ್ನು ತವರಿನ ಹೆಸರಿಂದ ಕರೆಯುತ್ತಾರೆ. ಮುದಗಲ್ಲಾಕಿ ಎಂದು ಒಬ್ಬಳಿದ್ದಳು. ಲಿಂಗಸುಗೂರಿನ ಆಚೆಯ ಮುದಗಲ್ಲಿನವಳು. ನನ್ನ ವಾರಿಗೆಯವಳು. ಊರಿನ ಹೆಂಗಸರಲ್ಲಿ ಫೋನಿನಲ್ಲಿ ನಕ್ಕ ಮೊದಲನೆಯವಳು ಆಕೆ. ತವರಿನ ತನ್ನ ಅಣ್ಣನ ಜೊತೆ, ಅವ್ವನ ಜೊತೆ ಮಾತಾಡುತ್ತ ಗಾಜಿನ ಗೂಡಿನಲ್ಲಿ ಬಿದ್ದು ಬಿದ್ದು ನಗುತ್ತಿದ್ದಳು. ಹೊರಗೆ ಕೂತ ಹೆಂಗಸರಿಗೆ ನಮ್ಮ ಅಣ್ಣ, "ನೋಡ್ರಿ, ಫೋನಂದ್ರ ಹಿಂಗ" ಅನ್ನುತ್ತಿದ್ದ. ಆಕೆ ತನ್ನ ಓಣಿಯ ಹೆಂಗಸರನ್ನು ಕೈಹಿಡಿದು ಕರೆತಂದಳು.

ಇನ್ನು ನನ್ನ ವಿಷಯ. ಉಂಡು ಬಾ ಅನ್ನುವ ದಿನಗಳೇ ಹೆಚ್ಚು. ಆದರೂ ನಡಿ ಅನ್ನುವ ದಿನಗಳೂ ಬರುತ್ತಿದ್ದವು. ಮಂದಿ ನೆನಪಿಟ್ಟುಕೊಂಡದ್ದು ಅವನ್ನೇ. ನಾನು ಓಣಿಯ ತಿರುವಿನಲ್ಲಿ ಕಂಡರೆ ಕೆಲವರು ಕದ ಮುಂದೆ ಮಾಡಿಕೊಳ್ಳುತ್ತಿದ್ದರು. ನನ್ನ ಬಾಯಿಂದ ಮೊದಲ ಮಾತು ಬೀಳುವ ತನಕ ಹೆಂಗಸರು ನನ್ನ ತುಟಿಯನ್ನೇ ನೋಡುತ್ತಿದ್ದರು. ಕೂಸಿನ ತೊಟ್ಟಿಲ ಕಾರ್ಯಕ್ಕೆ ನನ್ನನ್ನು ಕರೆಯುವುದು ಬಿಟ್ಟರು. ಗಂಡನನ್ನು ಬಿಟ್ಟವಳು ಎಂಬುದೂ ಅದಕ್ಕೆ ಸೇರಿತ್ತು. ಅಣ್ಣನಿಗೆ ಇದನ್ನು ನಾನು ಹೇಳಲಿಲ್ಲ. ಊರಲ್ಲಿ ಕೆಲಸವಿಲ್ಲದೆ ಹೋಗಿ ಕೂಡಬಹುದಾದ ಮನೆ ನನಗೆ ಒಂದೇ ಉಳಿದಿತ್ತು, ಮುದಗಲ್ಲಾಕಿಯದು. "ಬಾರಬೇ, ಚಾ ಕುಡಿ" ಎಂದು ಒಳಗೆ ಕರೆಯುತ್ತಿದ್ದಳು. ಅಲ್ಲಿ ಅದೂ ಇದೂ ಹರಟುತ್ತ ಕೂಡುತ್ತಿದ್ದೆ.

ಒಂದು ಮಧ್ಯಾಹ್ನ ಆಕೆಯ ಅಣ್ಣನ ಫೋನು ಬಂತು, ಲಿಂಗಸುಗೂರಿನಿಂದ. ಅವ್ವನನ್ನು ದವಾಖಾನೆಗೆ ಸೇರಿಸಿದ್ದರು. ನಮ್ಮ ಅಣ್ಣ ಫೋನಿಟ್ಟು ಎದ್ದುನಿಂತ.

"ಆಕಿ ತಾಯಿಗೆ ಭಾಳ ಆಗೈತಿ. ಮಗಳ ಹೆಸರು ಹಿಡಿದು ಕರಿಯಾಕತ್ಯಾಳಂತ. ಮಸ್ಕಿ ಮ್ಯಾಲೆ ಹೋಗೋ ಈಗಿನ ಬಸ್ಸಿಗೆ ಹತ್ತಿಸಿದ್ರ ಮಾರಿ ನೋಡ್ತಾಳ. ಹೋಗು, ನಡಿ ಅನ್ನು. ಇದ್ದ ಕಾಲ ಮ್ಯಾಲೆ ಕರ್ಕೊಂಡ ಬಾ."

ನಾನು ಹೋದೆ. ಆಕೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿ ನಕ್ಕಳು. ನನ್ನನ್ನು ನೋಡಿ ನಗುವವಳು ಊರಲ್ಲಿ ಆಕೆಯೊಬ್ಬಳೇ.

"ಯಾರ್ದಬೇ ಫೋನು? ನಮ್ಮಣ್ಣಂದಾ?"

ಹೂಂ ಅಂದೆ. ನಡಿ ಅನ್ನಬೇಕಿತ್ತು. ಅಂದರೆ ಈ ಮುಖ ಬದಲಾಗುತ್ತದೆ, ಇನ್ನು ಮುಂದೆ ಈ ಮನೆಯ ಕದವೂ ನನ್ನನ್ನು ಕಂಡರೆ ಮುಚ್ಚುತ್ತದೆ ಅನ್ನಿಸಿತು. ಬಾಯಿಂದ ಬಂದದ್ದು ಬೇರೆ.

"ಉಂಡು ಬಾ" ಅಂದೆ.

"ಹಂಗಾರ ನೀನೂ ಕೂಡು. ಬಿಸಿ ರೊಟ್ಟಿ ಅದಾವ."

ಮುದುಕಿ ಸತ್ತಿಲ್ಲವಲ್ಲ, ಉಂಡು ಬಾ ಅಂದದ್ದು ಸುಳ್ಳೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬಸ್ಸಿನ ಹೊತ್ತು ನನಗೆ ಗೊತ್ತಿತ್ತು. ಈಗ ಹೇಳುತ್ತೇನೆ, ಈ ರೊಟ್ಟಿ ಮುಗಿಯಲಿ ಎಂದು ಕೂತೆ. ಹೇಳಲಿಲ್ಲ. ನಾನೂ ಉಂಡೆ. ಆಮೇಲೆ, "ನನಗ ಒಂದೀಟು ಕೆಲಸ ಐತಿ, ನೀ ಬೂತಿಗೆ ಹೋಗು" ಎಂದು ಎದ್ದು ಕಾಲುವೆಯ ಕಡೆ ಹೋದೆ.

ಅಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಏನಾಯಿತು ಎಂಬುದನ್ನು ಕಂಡವರು ಆಮೇಲೆ ನನಗೆ ಹೇಳಿದರು. ಬಸ್ಸು ಬಂತು. ಅಣ್ಣ ಕಂಡಕ್ಟರನಿಗೆ, "ಒಬ್ಬ ಹೆಣ್ಣುಮಗಳು ಬರ್ತಾಳ್ರಿ, ತಾಯಿ ಸಾಯಾಕತ್ಯಾಳ, ಒಂದೀಟು ತಡೀರಿ" ಅಂದ. ಒಂದಿಷ್ಟು ತಡೆದರು. ಒಳಗಿದ್ದವರು ಗಲಾಟೆ ಮಾಡಿದರು. ಬಸ್ಸು ಹೊರಡಲು ಹೋದಾಗ ಅಣ್ಣ ಮುಂದೆ ಹೋಗಿ ಎರಡೂ ಕೈ ಅಗಲಿಸಿ ನಿಂತ.

"ಏ ಸೊಟ್ಟಗೋಣು, ಬಸ್ಸು ನಿಮ್ಮಪ್ಪಂದೇನು?" ಎಂದು ಡ್ರೈವರ್ ಒದರಿದ.

"ನಮ್ಮಪ್ಪಂದಿದ್ರ ನಿನಗ ಯಾಕ ಕೈಮುಗೀತಿದ್ದೆ? ತಡಿ, ಆಕಿ ಹಾದ್ಯಾಗ ಅದಾಳ, ನಮ್ಮ ತಂಗಿ ಕರ್ಕೊಂಡ ಬರಾಕತ್ಯಾಳ."

ಓಣಿಯ ಬಾಯಿ ನೋಡುತ್ತ ಹಾಗೇ ನಿಂತನಂತೆ. ಕಡೆಗೆ ನಾಲ್ಕು ಮಂದಿ ಇಳಿದು ಅವನನ್ನು ಪಕ್ಕಕ್ಕೆ ಎಳೆದು ನಿಲ್ಲಿಸಿದರು. ಬಸ್ಸು ಹೋಯಿತು.

ಅದು ಹೋಗಿ ಸ್ವಲ್ಪ ಹೊತ್ತಿಗೆ ಮುದಗಲ್ಲಾಕಿ ಬಂದಳು. ಒಳ್ಳೆಯ ಸೀರೆ ಉಟ್ಟಿದ್ದಳು. ಬಾಯಿ ಎಲೆಅಡಿಕೆಯಿಂದ ಕೆಂಪಗಿತ್ತು. "ಏನಂತ್ರಿ ಯಣ್ಣಾ ನಮ್ಮಣ್ಣ?" ಎಂದು ನಗುತ್ತ ಕೇಳಿದಳು. ಅಣ್ಣ ಆ ಬಾಯಿಯನ್ನು ನೋಡಿದ. ಆಮೇಲೆ ಹೇಳಿದ.

ಭತ್ತದ ಲಾರಿಯೊಂದನ್ನು ಅಡ್ಡಹಾಕಿ ಆಕೆಯನ್ನೂ ಆಕೆಯ ಮೈದುನನನ್ನೂ ಮಸ್ಕಿಯ ತನಕ ಕಳಿಸಿದ. ಅಲ್ಲಿಂದ ಅವರಿಗೆ ಗಾಡಿ ಬೇಗ ಸಿಗಲಿಲ್ಲ. ಲಿಂಗಸುಗೂರು ಮುಟ್ಟುವಷ್ಟರಲ್ಲಿ ಅವ್ವ ಹೋಗಿದ್ದಳು. ಕೊನೆಯ ತನಕ ಮಗಳು ಬಂದಳೇ ಎಂದು ಕೇಳುತ್ತಿದ್ದಳಂತೆ.

ದಿನಕರ್ಮ ಮುಗಿಸಿ ಊರಿಗೆ ಬಂದ ಕೂಡಲೇ ಆಕೆ ಬೂತಿಗೆ ಬಂದಳು. ಸಂತೆಯ ದಿನ, ಮಂದಿ ಇತ್ತು. ನಾನು ಬಾಗಿಲ ಪಕ್ಕ ನಿಂತಿದ್ದೆ.

"ಉಂಡು ಬಾ ಅಂತ ಹೇಳಿ ಕಳಿಸಿದ್ಯಲ್ಲೋ ಯಣ್ಣಾ. ನಮ್ಮವ್ವ ಅಲ್ಲಿ ಜೀವ ಹಿಡ್ಕೊಂಡು ಕುಂತಿದ್ಲು. ನಾ ಇಲ್ಲಿ ಎಲಿ ಹಾಕ್ಕೊಂಡು ಬಂದೆ. ನಿನ್ನ ಮಾತು ನಂಬಿ ಉಂಡೆ."

ಅಣ್ಣ ನನ್ನ ಕಡೆ ನೋಡಿದ.

"ಆಕಿನ್ಯಾಕ ನೋಡ್ತಿ?" ಎಂದು ಮುದಗಲ್ಲಾಕಿ ನನ್ನ ತೋಳು ಹಿಡಿದಳು. "ಪಾಪ, ಆಕಿಗೇನ್ ಗೊತ್ತು. ನೀ ಹೇಳಿದಷ್ಟು ಬಂದು ಹೇಳ್ತಾಳ. ನೀ ಹೇಳು, ಉಂಡು ಬಾ ಅಂತ ಹೇಳಿದ್ದಿ ಹೌದಿಲ್ಲೋ?"

ಆಗ ನಾನು ಬಾಯಿ ಬಿಡಬೇಕಿತ್ತು. ನೆಲ ನೋಡುತ್ತ ನಿಂತೆ. ಅಣ್ಣ ಸ್ವಲ್ಪ ಹೊತ್ತು ಕಾದ. ನನಗಾಗಿಯೇ ಕಾದ ಎಂಬುದು ನನಗೆ ಗೊತ್ತಾಯಿತು. ಆಮೇಲೆ ಮೇಜಿನ ಹಿಂದಿನಿಂದ ಎದ್ದು ಬಂದು ಆಕೆಯ ಎದುರು ಕೈಮುಗಿದ.

"ಹೌದವ್ವಾ. ನಾನ ಹಂಗ ಹೇಳಿ ಕಳಿಸಿದ್ದೆ. ತಪ್ಪಾತು."

"ನಿನ್ನ ಬಾಯಾಗ ಮಣ್ಣು ಬೀಳಲಿ" ಅಂದಳು ಆಕೆ. ಎಲ್ಲರೂ ಕೇಳಿಸಿಕೊಂಡರು.

ಮನೆಯಲ್ಲಿ ಅವನು ನನ್ನನ್ನು ಬೈಯಲಿಲ್ಲ, ಯಾಕೆ ಹಾಗೆ ಮಾಡಿದಿ ಎಂದೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇನೋ. "ನಾಳಿಂದ ಫೋನ್ ನೀ ನೋಡು. ಊರಾಗ ನಾ ತಿರಗತೀನಿ" ಅಂದ.

"ಯಾಕಣ್ಣಾ?"

"ನಿನಗ ಕಾಲು ನೋವಂತಲ್ಲ."

ನನಗೆ ಕಾಲು ನೋವು ಇರಲಿಲ್ಲ. ಯಾರಾದರೂ ಕೇಳಿದರೆ ಹೇಳಲಿ ಎಂದು ನನ್ನ ಕೈಗೆ ಒಂದು ನೆಪ ಕೊಟ್ಟಿದ್ದ.

ಊರು ಆ ಮಾತನ್ನು ನಂಬುವುದು ಬಿಟ್ಟಿತು. ಉಂಡು ಬಾ ಅಂದರೆ ಈಗ ಇನ್ನೂ ಹೆಚ್ಚು ಹೆದರುತ್ತಿದ್ದರು, ಒಳಗೆ ಏನನ್ನೋ ಮುಚ್ಚಿಟ್ಟಿದ್ದಾರೆ ಎಂದು. ಮತ್ತೆ ಅಳುತ್ತ ಬರತೊಡಗಿದರು. ಕೆಲವರು ಪುಣೆಗೆ ಹೋಗುವ ಮಕ್ಕಳಿಗೆ, "ಫೋನ್ ಗೀನ್ ಬ್ಯಾಡ, ಕಾಗದ ಹಾಕು" ಎಂದು ಹೇಳಿ ಕಳಿಸಿದರು. ಗೋಡೆಯ ಕೆಟ್ಟ ಫೋನಿನ ಮುಂದೆ ಯಾರೂ ನಿಲ್ಲದಾದರು. ಅಣ್ಣ ಬಾಗಿಲು ಹಾಕಲಿಲ್ಲ. ನನಗೆ ಬೇರೆ ದಾರಿ ಇರಲಿಲ್ಲ ಎಂಬುದೇ ಅದಕ್ಕೆ ಕಾರಣ ಇರಬೇಕು. ಬೂತಿನ ತನ್ನ ಕುರ್ಚಿಯಲ್ಲಿ, ಫ್ಯಾನಿನ ಕೆಳಗೆ, ನನ್ನನ್ನು ಕೂರಿಸಿ ಅವನು ಸೈಕಲ್ ಹತ್ತಿದ. ಅಲ್ಲಿಂದ ಮುಂದೆ ನನ್ನ ಅನ್ನ ಹುಟ್ಟಿದ್ದು ಆ ಕುರ್ಚಿಯಿಂದಲೇ. ತಪ್ಪು ಮಾಡಿದವಳು ನೆರಳಿಗೆ ಬಂದೆ, ಅವನು ಬಿಸಿಲಿಗೆ ಹೋದ.

ಅವನು ಮತ್ತೆ ಯಾವ ಗುರುತಿನ ಮಾತನ್ನೂ ಕಟ್ಟಲಿಲ್ಲ. ಬಾಗಿಲಲ್ಲಿ ಸೈಕಲ್ ನಿಲ್ಲಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದ. ಮಗ ಬಿದ್ದು ಕಾಲು ಮುರಿದುಕೊಂಡಿದ್ದರೆ, ಕಾಲು ಮುರಿದಿದೆ, ಜೀವಕ್ಕೇನೂ ಇಲ್ಲ. ಸತ್ತಿದ್ದರೆ, ಸತ್ತ. ಹೇಳಿ, ಅವರು ಎದ್ದುನಿಲ್ಲುವ ತನಕ ಅಲ್ಲೇ ನಿಂತು, ಸೈಕಲ್ ನೂಕುತ್ತ ಜೊತೆಗೆ ನಡೆದು ಬರುತ್ತಿದ್ದ. ಮೊದಮೊದಲು ಮಂದಿ ಅವನ ಬೆನ್ನ ಹಿಂದೆ, "ಉಂಡು ಬಾ ಬಂದ ನೋಡ್ರಲೇ" ಎಂದು ಆಡಿಕೊಂಡರು. ಅವನು ತಿರುಗಿ ನೋಡುತ್ತಿರಲಿಲ್ಲ. ವರ್ಷಗಳು ಕಳೆದ ಮೇಲೆ ಫೋನುಗಳು ಮತ್ತೆ ಬಂದವು, ಮಂದಿಯೂ ಬಂದರು. ಚಪ್ಪಲಿ ಹಾಕಿಕೊಂಡೇ ಬಂದರು. ಮುದಗಲ್ಲಾಕಿ ಮಾತ್ರ ಬರಲಿಲ್ಲ. ತವರಿನವರ ಜೊತೆ ಮಾತಾಡಬೇಕಾದರೆ ಬಸ್ಸು ಹತ್ತಿ ಸಿಂಧನೂರಿಗೆ ಹೋಗುತ್ತಿದ್ದಳು. ಅವಳ ಹಿಂದೆ ಬಂದಿದ್ದ ಆ ಓಣಿಯ ಹೆಂಗಸರೂ ಅಷ್ಟೆ.

ಆಕೆಯ ಮನೆಯ ಕದ ನನಗೆ ಮುಚ್ಚಲಿಲ್ಲ. ನಾನು ಬಯಸಿದ್ದು ಅದನ್ನೇ ಅಲ್ಲವೆ. "ಬಾರಬೇ" ಎಂದು ಮೊದಲಿನ ಹಾಗೇ ಕರೆಯುತ್ತಿದ್ದಳು. ಚಹಾ ಕೊಟ್ಟು, ನನ್ನ ಎದುರಿಗೇ ನಮ್ಮ ಅಣ್ಣನನ್ನು ಬೈಯುತ್ತಿದ್ದಳು. "ನೀ ಬ್ಯಾರೆ, ನಿಮ್ಮಣ್ಣ ಬ್ಯಾರೆ. ನೀ ಮನಸಿಗೆ ಹಚ್ಕೋಬ್ಯಾಡ" ಅನ್ನುತ್ತಿದ್ದಳು. ನಾನು ಚಹಾ ಕುಡಿದು ಬರುತ್ತಿದ್ದೆ.

ಅಣ್ಣ ಹೋದದ್ದು ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ಬೇಸಿಗೆಯಲ್ಲಿ. ಗೋವಾದಿಂದ ಫೋನು ಬಂದಿತ್ತು, ಯಾರಿಗೋ ಮೊಮ್ಮಗ ಹುಟ್ಟಿದ್ದ. ಹೇಳಲು ಹೋದವನು ಆ ಮನೆಯ ಕಟ್ಟೆಯ ಮೇಲೆ ಎದೆ ಹಿಡಿದುಕೊಂಡು ಕೂತ. ನೀರು ತರುವಷ್ಟರಲ್ಲಿ ಮುಗಿದಿತ್ತು. ಸುದ್ದಿ ಮಾತ್ರ ಹೇಳಿಯೇ ಕೂತಿದ್ದನಂತೆ.

ಮೂರನೆಯ ದಿನ ಮುದಗಲ್ಲಾಕಿ ನಮ್ಮ ಮನೆಗೆ ಬಂದು ನನ್ನ ಪಕ್ಕ ಕೂತಳು. ಸುತ್ತ ಹೆಂಗಸರಿದ್ದರು. "ತಪ್ಪು ಮಾಡಿದ್ದ, ಖರೆ. ಆದ್ರ ನಾಕು ಮಂದ್ಯಾಗ ಕೈಮುಗದು ಒಪ್ಪಿಕೊಂಡ. ಗಂಡಸ್ರು ಹಂಗ ಒಪ್ಪಿಕೊಳ್ಳಂಗಿಲ್ಲ. ಅದಕ್ಕ ಬಂದೆ" ಅಂದಳು. ಹೆಂಗಸರು ಹೌದೌದು ಅಂದರು. ಇದು ಎರಡನೆಯ ಸಲ. ಆಗಲೂ ನಾನು ಸುಮ್ಮನಿದ್ದೆ.

ಸುಮ್ಮನಿರಲು ಆಗದೆ ಹೋದದ್ದು ಆಮೇಲೆ. ಬೂತಿನಲ್ಲಿ ಕೂತರೆ ಮಂದಿ ಅಣ್ಣನನ್ನು ಹೊಗಳುತ್ತಿದ್ದರು; ಹೊಗಳಿ ಕಡೆಗೆ, ಅದೊಂದು ತಪ್ಪು ಬಿಟ್ಟರೆ ಎಂದು ಸೇರಿಸುತ್ತಿದ್ದರು. ಅವನದಲ್ಲದ ಆ ಒಂದು ತಪ್ಪು ಅವನ ಹೆಸರಿಗೆ ಬಾಲದ ಹಾಗೆ ಅಂಟಿಕೊಂಡಿತ್ತು. ಒಂದು ದಿನ ಬೂತಿಗೆ ಕೀಲಿ ಹಾಕಿ ಮುದಗಲ್ಲಾಕಿಯ ಮನೆಗೆ ಹೋದೆ. ಮೊರದಲ್ಲಿ ಅಕ್ಕಿ ಹರವಿಕೊಂಡು ಕಲ್ಲು ಆರಿಸುತ್ತಿದ್ದಳು. "ಬಾರಬೇ" ಅಂದಳು. ನಾನು ಕೂಡಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಅಣ್ಣ ನಡಿ ಅನ್ನು ಎಂದೇ ಹೇಳಿ ಕಳಿಸಿದ್ದ, ಉಂಡು ಬಾ ಅಂದವಳು ನಾನು ಅಂದೆ. ಯಾಕೆ ಅಂದೆ ಎಂಬುದನ್ನೂ ಹೇಳಿದೆ. ಬಸ್ಸಿನ ಮುಂದೆ ಅವನು ಕೈ ಅಗಲಿಸಿ ನಿಂತದ್ದು ಆಕೆಗೆ ಗೊತ್ತಿತ್ತು; ಉಂಡು ಬಾ ಎಂದ ತನ್ನ ತಪ್ಪು ತಿದ್ದಿಕೊಳ್ಳಲು ನಿಂತಿದ್ದ ಎಂದುಕೊಂಡಿದ್ದಳು, ನಿಜ ಈಗ ತಿಳಿಯಿತು.

ಆಕೆ ಬಹಳ ಹೊತ್ತು ಅಕ್ಕಿಯಲ್ಲೇ ಬೆರಳಾಡಿಸುತ್ತಿದ್ದಳು. ಕಲ್ಲು ಆರಿಸುತ್ತಿರಲಿಲ್ಲ.

"ನನ್ನ ಸಂಗಾಟ ಕುಂತು ನೀನೂ ಉಂಡಿ" ಅಂದಳು.

"ಹೂಂ."

"ಮುಂದ ಇಷ್ಟು ವರ್ಷ ನನ್ನ ಮನಿ ಚಾ ಕುಡದಿ."

"ಹೂಂ."

ನನ್ನ ಬಾಯಲ್ಲೂ ಮಣ್ಣು ಬೀಳಲಿ ಅನ್ನುತ್ತಾಳೆ ಎಂದುಕೊಂಡಿದ್ದೆ. ಅನ್ನಲಿ ಎಂದೇ ನಿಂತಿದ್ದೆ. ಆಕೆ ಅನ್ನಲಿಲ್ಲ. ತಲೆ ಎತ್ತಿದಾಗ ಕಣ್ಣು ತುಂಬಿದ್ದವು, ಅದು ಅವ್ವನಿಗಾಗಿಯಲ್ಲ.

"ಅಂವಾ ಬದುಕಿದ್ದಾಗ ಹೇಳ್ಬೇಕಾಗಿತ್ತಬೇ ನೀ" ಅಂದಳು. "ಈಗ ನಾ ಯಾರ ಮುಂದ ಹೋಗಿ ತಪ್ಪಾತು ಅನ್ನಲಿ?"